ಆ ಕೊರತೆಯನ್ನು ತುಂಬುತ್ತಿರುವವರು ಯಾರು? ನಮ್ಮ ಪ್ರಸಾದ ನಿಲಯದ ಆಡಳಿತ ಮಂಡಳಿಗೂ ದಾನಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಖಜಾಂಚಿಗಳೇ, ಆಡಳಿತ ಮಂಡಳಿಯ ಎಲ್ಲ ಹಿರಿಯರೇ, ನಮ್ಮ ನಿಲಯಕ್ಕೆ ಕೈಯೆತ್ತಿ ಕೊಡುತ್ತ ಬಂದಿರುವ ಕಲಬುರಗಿಯ ದಾನಿಗಳೇ,

ಶರಣು ಶರಣಾರ್ಥಿ.

ಓದುವ ಹುಡುಗರಿಗೆ ಉಚಿತ ಊಟ, ವಸತಿ ಕೊಡುವ ನಮ್ಮ ವಿದ್ಯಾರ್ಥಿ ಪ್ರಸಾದ ನಿಲಯದ ಈ ವರ್ಷದ ಲೆಕ್ಕಪತ್ರ ಸದಸ್ಯರ ಕೈಗೆ ಬಂದಿದೆ. ಮತ್ತೆ ಕೊರತೆ. ಹೋದ ವರ್ಷವೂ ಕೊರತೆ, ಅದರ ಹಿಂದಿನ ವರ್ಷವೂ ಕೊರತೆ. ಇಡೀ ವರದಿಯಲ್ಲಿ ಅದಕ್ಕೆ ಸಿಕ್ಕಿರುವುದು ಒಂದೇ ಒಂದು ಸಾಲು. ಕೊರತೆಯನ್ನು ಮೂಲನಿಧಿಯಿಂದ ಹೊಂದಿಸಲಾಗಿದೆ, ಅಷ್ಟೇ. ಮುಂದಿನ ಪುಟದಲ್ಲಿ ಫೋಟೊಗಳು, ಅತಿಥಿಗಳ ಹೆಸರು, ಹೊಸ ಕಟ್ಟಡದ ಚಿತ್ರ ಇವೆ.

ಆ ಒಂದು ಸಾಲಿನ ಬಗ್ಗೆಯೇ ನಾನು ಈ ಪತ್ರ ಬರೆಯುತ್ತಿದ್ದೇನೆ.

ಬಹಿರಂಗವಾಗಿ ಯಾಕೆ ಬರೆಯಬೇಕು ಅಂತ ನೀವು ಕೇಳಬಹುದು. ವಾರ್ಷಿಕ ಮಹಾಸಭೆಯಲ್ಲಿ ಸನ್ಮಾನ, ಭಾಷಣ ಎಲ್ಲ ಮುಗಿದ ಮೇಲೆ ಲೆಕ್ಕಪತ್ರ ಬರುತ್ತದೆ. ಅಷ್ಟು ಹೊತ್ತಿಗೆ ಊಟಕ್ಕೆ ತಡವಾಗಿರುತ್ತದೆ. "ಮಂಜೂರಾ?" ಅಂತ ಕೇಳುತ್ತಾರೆ, ಎಲ್ಲರೂ "ಮಂಜೂರು" ಅನ್ನುತ್ತಾರೆ. ಅಲ್ಲಿ ಈ ಮಾತು ಆಡಲು ಜಾಗವೇ ಇಲ್ಲ. ಇನ್ನೊಂದು ಕಾರಣವೂ ಇದೆ. ಇದು ನಮ್ಮ ಒಂದು ನಿಲಯದ ಕತೆ ಅಲ್ಲ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ವೃದ್ಧಾಶ್ರಮ, ವಿಶೇಷ ಶಾಲೆ, ವಾಚನಾಲಯ ನಡೆಸುವ ಸ್ನೇಹಿತರ ಬಾಯಲ್ಲೂ ನಾನು ಇದೇ ಮಾತು ಕೇಳುತ್ತಿದ್ದೇನೆ. ಅದಕ್ಕೇ ನಿಲಯದ ಹೆಸರು ಇಲ್ಲಿ ಹಾಕಿಲ್ಲ. ನಿಮಗೆ ಗೊತ್ತಾಗುತ್ತದೆ, ಅಷ್ಟು ಸಾಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾರೋ ಹಣ ತಿಂದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಖಜಾಂಚಿಗಳು ತಮ್ಮ ಸ್ವಂತ ಸ್ಕೂಟರ್‌ಗೆ ಪೆಟ್ರೋಲ್ ಹಾಕಿಸಿಕೊಂಡು ಬ್ಯಾಂಕಿಗೆ ಅಲೆಯುವುದನ್ನು ನಾನು ನೋಡಿದ್ದೇನೆ. ನಿಮ್ಮ ಪ್ರಾಮಾಣಿಕತೆಯ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಆದರೆ ಪ್ರಾಮಾಣಿಕವಾಗಿ ನಡೆಯುವ ಸಂಸ್ಥೆಯೂ ಮುಳುಗುತ್ತದೆ. ಆ ಭಯ ನನ್ನನ್ನು ಬರೆಯುವಂತೆ ಮಾಡಿದೆ.

ನಾನು ಅದೇ ನಿಲಯದಲ್ಲಿ ಉಂಡು ಓದಿದವನು. ಆಮೇಲೆ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿ ನಿವೃತ್ತನಾದೆ. ಹಾಗಾಗಿ ಲೆಕ್ಕಪತ್ರ ಓದುವುದು ನನಗೆ ರೂಢಿ. ಒಂದು ವರ್ಷ ಕೊರತೆ ಬಂದರೆ ಗಾಬರಿ ಬೇಡ ಅಂತ ಹೇಳುವವರಲ್ಲಿ ನಾನೇ ಮೊದಲಿಗ. ಕೊರತೆ ಹಲವು ಥರ ಇರುತ್ತದೆ. ಕಟ್ಟಡಕ್ಕೆ, ಮಂಚಗಳಿಗೆ ವರ್ಷ ವರ್ಷ ಸವಕಳಿ ತೆಗೆಯುತ್ತೇವೆ, ಅಂದರೆ ಬಳಸಿ ಹಳೆಯದಾದಷ್ಟು ಅವುಗಳ ಬೆಲೆ ಇಳಿಸಿ ಬರೆಯುತ್ತೇವೆ. ಅದರಲ್ಲಿ ಕೈಯಿಂದ ಹಣ ಹೋಗುವುದಿಲ್ಲ, ಆದರೂ ಆದಾಯ-ವೆಚ್ಚದ ಪಟ್ಟಿಯಲ್ಲಿ ಅದು ಖರ್ಚಾಗಿ ಕಾಣುತ್ತದೆ. ಇನ್ನು ಕೆಲವು ಸಲ ಮಾರ್ಚ್‌ನಲ್ಲಿ ಬಂದ ಅನುದಾನವನ್ನು ಆ ವರ್ಷದ ಆದಾಯಕ್ಕೆ ಹಾಕಿ, ಮುಂದಿನ ವರ್ಷ ಖರ್ಚು ಮಾಡುತ್ತೇವೆ. ಆಗ ಒಂದು ವರ್ಷ ಉಳಿತಾಯ, ಮತ್ತೊಂದು ವರ್ಷ ಕೊರತೆ ಕಾಣುತ್ತದೆ. ಬೋರ್‌ವೆಲ್ ಕೆಟ್ಟರೆ, ಮಳೆಗೆ ಛಾವಣಿ ಸೋರಿದರೆ ಆ ವರ್ಷ ಖರ್ಚು ಜಾಸ್ತಿ. ಇವೆಲ್ಲ ಬಂದು ಹೋಗುವ ಕೊರತೆಗಳು.

ನಮ್ಮದು ಆ ಥರದ್ದಲ್ಲ. ಸವಕಳಿ ತೆಗೆದಿಟ್ಟು ನೋಡಿದರೂ ಕೊರತೆ ಉಳಿಯುತ್ತದೆ. ದೊಡ್ಡ ರಿಪೇರಿ ಇಲ್ಲದ ವರ್ಷವೂ ಉಳಿದಿದೆ. ಅನುದಾನ ಬಂದ ವರ್ಷವೂ ಉಳಿದಿದೆ. ಅಂದರೆ ನಿಲಯ ಎಂದಿನಂತೆ ನಡೆದರೆ ಸಾಕು, ಕೊರತೆ ಆಗುತ್ತದೆ. ಇದು ಕೆಟ್ಟ ವರ್ಷದ ಫಲ ಅಲ್ಲ. ನಾವು ನಡೆಸುವ ರೀತಿಯೇ ಹೀಗಿದೆ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕೊರತೆ ಅಂತ ಬರೆದರೂ ಅಂಗಡಿಯವರು ಅಕ್ಕಿ ಕೊಟ್ಟಿದ್ದಾರೆ, ಕರೆಂಟ್ ಇದೆ, ಹುಡುಗರು ಉಂಡಿದ್ದಾರೆ. ಹಾಗಿದ್ದರೆ ಆ ಹಣ ಎಲ್ಲಿಂದಲೋ ಬಂದಿರಲೇಬೇಕು, ಅಲ್ವಾ? ಆದಾಯಕ್ಕಿಂತ ಜಾಸ್ತಿ ಖರ್ಚಾದ ಪ್ರತಿ ರೂಪಾಯಿಯನ್ನೂ ಯಾರೋ ಒಬ್ಬರು ಕೊಟ್ಟಿದ್ದಾರೆ. ಅವರು ಯಾರು?

ಮೊದಲನೆಯವರು ನಮ್ಮ ಹಿರಿಯರು. ಎಕರೆಗೆ ಇಷ್ಟು ಅಂತ ತೊಗರಿ ಮಾರಿದ ದುಡ್ಡಲ್ಲಿ ತೆಗೆದಿಟ್ಟು ಕೊಟ್ಟವರು. ಮಗನ ಹೆಸರಲ್ಲಿ, ತಾಯಿಯ ಹೆಸರಲ್ಲಿ ಠೇವಣಿ ಇಟ್ಟವರು. "ಅಸಲು ಮುಟ್ಟಬ್ಯಾಡ್ರಿ, ಬಡ್ಡಿಯೊಳಗ ಹುಡುಗರಿಗಿ ಊಟ ಹಾಕ್ರಿ" ಅಂತ ಹೇಳಿ ಹೋದವರು. ಅವರಲ್ಲಿ ಎಷ್ಟೋ ಜನ ಈಗ ಇಲ್ಲ. ಮೂಲನಿಧಿಯಿಂದ ಹೊಂದಿಸಲಾಗಿದೆ ಅಂದರೆ ಅವರ ಅಸಲನ್ನು ಮುಟ್ಟಿದ್ದೇವೆ ಅಂತಲೇ ಅರ್ಥ. ಅದನ್ನು ಅಷ್ಟೇ ನೇರವಾಗಿ ವರದಿಯಲ್ಲಿ ಬರೆಯಬೇಕಿತ್ತು.

ಅಸಲು ಒಡೆದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡೋಣ. ಇವು ನಮ್ಮ ನಿಲಯದ ಅಂಕಿಗಳಲ್ಲ, ತಿಳಿಯಲಿ ಅಂತ ಹಿಡಿದ ಅಂಕಿಗಳು. ಒಂದು ಸಂಸ್ಥೆಗೆ 24 ಲಕ್ಷ ರೂಪಾಯಿ ಎಫ್‌ಡಿ ಇದೆ ಅನ್ನಿ. 7 ಪರ್ಸೆಂಟ್ ಬಡ್ಡಿ. ವರ್ಷಕ್ಕೆ 1,68,000 ಬರುತ್ತದೆ. ಈ ಬಡ್ಡಿ ಸೇರಿಸಿಯೂ ವರ್ಷಕ್ಕೆ 6 ಲಕ್ಷ ಕೊರತೆ. ಎಫ್‌ಡಿ ಒಡೆದು ತುಂಬುತ್ತಾರೆ. 24 ಲಕ್ಷಕ್ಕೆ 6 ಲಕ್ಷ ಅಂದರೆ ನಾಲ್ಕು ವರ್ಷ ನಡೆಯುತ್ತದೆ ಅಂತ ಅನಿಸುತ್ತದೆ. ನಡೆಯುವುದಿಲ್ಲ. ಎರಡನೇ ವರ್ಷ ಎಫ್‌ಡಿ 18 ಲಕ್ಷಕ್ಕೆ ಇಳಿದಿರುತ್ತದೆ, ಬಡ್ಡಿ 1,26,000 ಮಾತ್ರ. ಆ ಕಡಿಮೆಯಾದ ಬಡ್ಡಿಯೂ ಕೊರತೆಗೆ ಸೇರಿ ಅದು 6,42,000 ಆಗುತ್ತದೆ. ಮೂರನೇ ವರ್ಷದ ಕೊನೆಗೆ ಎಫ್‌ಡಿಯಲ್ಲಿ 5 ಲಕ್ಷವೂ ಉಳಿದಿರುವುದಿಲ್ಲ. ನಾಲ್ಕನೇ ವರ್ಷ ಅರ್ಧ ದಾಟಿದ ಸ್ವಲ್ಪ ದಿನಕ್ಕೆ ಖಾಲಿ. ಇಷ್ಟೂ ವರ್ಷ ಬೇಳೆ, ಸಿಲಿಂಡರ್, ಪಗಾರ ಯಾವುದೂ ಒಂದು ರೂಪಾಯಿ ಏರಿಲ್ಲ ಅಂತ ಇಟ್ಟುಕೊಂಡು ಹಾಕಿದ ಲೆಕ್ಕ ಇದು. ಒಕ್ಕಲಿಗನ ಮನೆಯಲ್ಲಿ ಬಿತ್ತಲು ಇಟ್ಟ ಕಾಳನ್ನು ಕುಟ್ಟಿ ಉಂಡರೆ ಮುಂಗಾರಿಗೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

ಎರಡನೆಯವರು ಅಡುಗೆಮನೆಯಲ್ಲಿದ್ದಾರೆ. ಇದನ್ನು ಬರೆಯುವಾಗ ನನಗೆ ಕಷ್ಟ ಆಗುತ್ತಿದೆ.

ನಮ್ಮಲ್ಲಿ ರೊಟ್ಟಿ ಬಡಿಯುವ ತಾಯಂದಿರು ಬೆಳಗ್ಗೆ ನಾಲ್ಕೂವರೆಗೆ ಒಲೆ ಹಚ್ಚುತ್ತಾರೆ. ಕಲಬುರಗಿಯ ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತು. 42 ಡಿಗ್ರಿ ಬಿಸಿಲಲ್ಲಿ ತಗಡಿನ ಕೆಳಗೆ ಹಂಚಿನ ಮುಂದೆ ಕೂತು ಜೋಳದ ರೊಟ್ಟಿ ಮಾಡುವುದು ಎಂಥ ಕೆಲಸ ಅಂತ ಬೇರೆ ಹೇಳಬೇಕಾಗಿಲ್ಲ. ಅವರಲ್ಲಿ ಒಬ್ಬರು ಮೊನ್ನೆ ಕೇಳಿದರು: "ಸರ, ಹಿಂದಿನ ತಿಂಗಳ ಪಗಾರ ಇನ್ನಾ ಕೊಟ್ಟಿಲ್ರಿ. ಕೇಳಿದ್ರ ಅನುದಾನ ಬರಲಿ ತಡಿ ಅಂತಾರ. ಅಂಗಡ್ಯಾಂವ ನನಗ ತಡೀತಾನೇನ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇರಬೇಕು.

ಪಗಾರ ತಡ ಮಾಡುವುದು ಅಂದರೆ ಅವರ ಕೈಯಿಂದ ಬಡ್ಡಿ ಇಲ್ಲದ ಸಾಲ ತೆಗೆದುಕೊಂಡ ಹಾಗೇ. ಅವರನ್ನು ಒಂದು ಮಾತೂ ಕೇಳದೆ ತೆಗೆದುಕೊಂಡ ಸಾಲ. ಹೋಗಲಿ, ಅದು ತಡವಾಗಿಯಾದರೂ ಸಿಗುತ್ತದೆ. ಕೆಲಸ ಬಿಡುವಾಗ ಕೊಡಬೇಕಾದ ಗ್ರಾಚ್ಯುಟಿ ಎಲ್ಲಿದೆ? ಲೆಕ್ಕ ಸುಲಭ. ಕೊನೆಯ ತಿಂಗಳ ಪಗಾರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷ ದುಡಿದರೋ ಅಷ್ಟರಿಂದ ಗುಣಿಸಬೇಕು. ತಿಂಗಳಿಗೆ 13,000 ಪಗಾರ ಇದ್ದು 20 ವರ್ಷ ದುಡಿದವರಿಗೆ 1,50,000 ರೂಪಾಯಿ ಬರಬೇಕು. ಇಂಥವರು ನಾಲ್ಕು ಜನ ಇದ್ದರೆ 6 ಲಕ್ಷ. ನಮ್ಮ ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಈ ಹೊಣೆಯ ಬಗ್ಗೆ ಒಂದು ಸಾಲೂ ಇಲ್ಲ. ಅಂದರೆ ನಾವು ತೋರಿಸುತ್ತಿರುವ ಕೊರತೆ ಕೂಡ ಪೂರ್ತಿ ಕೊರತೆ ಅಲ್ಲ. ನಿಜವಾದದ್ದು ಅದಕ್ಕಿಂತ ದೊಡ್ಡದು. ಅವರು ಕೆಲಸ ಬಿಡುವ ದಿನ ಅದು ಎದುರು ಬಂದು ನಿಲ್ಲುತ್ತದೆ. ಆ ದಿನ ಶಾಲು ಹೊದಿಸಿ ಕಳಿಸಿದರೆ ಸಾಲದು.

ಕಿರಾಣಿ ಅಂಗಡಿಯ ಉದ್ರಿ ಇದೆ. ಅದು ಎಲ್ಲರಿಗೂ ಗೊತ್ತಿರುವುದೇ. ಉದ್ರಿ ತರುವವನು ರೇಟು ಚೌಕಾಶಿ ಮಾಡಲಾರ, ಅವರು ಹೇಳಿದ ರೇಟಿಗೇ ತರಬೇಕು. ತೊಗರಿಯ ಕಣಜ ಅನಿಸಿಕೊಂಡ ಜಿಲ್ಲೆಯಲ್ಲಿ, 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿ ಬೆಳೆಯುವ ಊರಲ್ಲಿ, ರಾಶಿ ಆದಾಗ ಒಂದೇ ಸಲ ನಗದು ಕೊಟ್ಟು ವರ್ಷದ ಬೇಳೆ ಕೊಂಡರೆ ಎಷ್ಟು ಉಳಿಯುತ್ತಿತ್ತು? ಕೈಯಲ್ಲಿ ನಗದು ಇಲ್ಲ ಅಂತ ತಿಂಗಳು ತಿಂಗಳು ಚಿಲ್ಲರೆ ರೇಟಿಗೆ ತರುತ್ತೇವೆ. ಕೊರತೆಯೇ ಕೊರತೆಯನ್ನು ಬೆಳೆಸುತ್ತಿದೆ.

ಉಳಿದವರು ಹುಡುಗರು. ಹಾಲು ನಿಂತಿದೆ. ವಾಚನಾಲಯಕ್ಕೆ ಬರುತ್ತಿದ್ದ ಪತ್ರಿಕೆಗಳು ಕಡಿಮೆಯಾಗಿವೆ. ರಾತ್ರಿ ಓದುವ ಕೋಣೆಯಲ್ಲಿ ಅರ್ಧ ಟ್ಯೂಬ್‌ಲೈಟ್ ಹತ್ತುವುದಿಲ್ಲ. ಯಾರೂ ಕೂತು "ಇವನ್ನು ನಿಲ್ಲಿಸೋಣ" ಅಂತ ತೀರ್ಮಾನ ಮಾಡಿದ್ದಲ್ಲ. ಸುಮ್ನೆ ಒಂದೊಂದೇ ನಿಂತು ಹೋದವು.

ಕೊರತೆ ಯಾಕೆ ಬರುತ್ತಿದೆ ಅನ್ನುವುದನ್ನೂ ಮುಚ್ಚುಮರೆ ಇಲ್ಲದೆ ಮಾತಾಡೋಣ. ದಾನಿಗಳೇ, ಇಲ್ಲಿ ನಿಮ್ಮ ಹತ್ತಿರವೂ ಮಾತಿದೆ.

ನಮ್ಮ ಊರು ದಾಸೋಹದ ಊರು. ಶರಣಬಸವೇಶ್ವರರ ನೆಲ ಇದು. ಹಸಿದವರಿಗೆ ಅನ್ನ ಹಾಕಿ ಅಂದರೆ ಇಲ್ಲಿ ಯಾರೂ ಹಿಂದೆ ಸರಿಯುವುದಿಲ್ಲ. ಶ್ರಾವಣ ಬಂದರೆ ಅಕ್ಕಿ, ಬೆಲ್ಲದ ಚೀಲಗಳು ತಾವಾಗಿಯೇ ಬರುತ್ತವೆ. ಹುಟ್ಟುಹಬ್ಬ, ಪುಣ್ಯಸ್ಮರಣೆ, ಮಗಳ ಮದುವೆ ಅಂತ ಒಂದು ದಿನದ ಊಟ ಬರೆಸುವವರು ಬೇಕಾದಷ್ಟು ಜನ ಇದ್ದಾರೆ. ಇದರಿಂದಲೇ ನಾನು ಓದಿದೆ. ಈ ಋಣ ನಾನು ಮರೆಯುವವನಲ್ಲ.

ಆದರೆ ಬೋರ್ಡಿನ ಮೇಲೆ ನಾವು ಒಂದು ದಿನದ ಊಟಕ್ಕೆ ಅಂತ ಬರೆಯುವ ಮೊತ್ತ ಇದೆಯಲ್ಲ, ಅದು ಬರೀ ಅಕ್ಕಿ, ಬೇಳೆ, ಎಣ್ಣೆ, ಕಾಯಿಪಲ್ಯದ ಲೆಕ್ಕ. ಮತ್ತೆ ಒಂದು ಉದಾಹರಣೆ ಹಿಡಿಯೋಣ. ವರ್ಷಕ್ಕೆ 48 ಲಕ್ಷ ಖರ್ಚಿರುವ ನಿಲಯ. 365 ದಿನಕ್ಕೆ ಹಂಚಿದರೆ ಒಂದು ದಿನ ನಿಲಯ ನಡೆಸಲು 13,150 ರೂಪಾಯಿ ಬೇಕು. ಬೋರ್ಡಿನ ಮೇಲೆ ಒಂದು ದಿನದ ಪ್ರಸಾದಕ್ಕೆ 5,000 ಅಂತ ಬರೆದಿದ್ದೇವೆ. ದಾನಿ ಸಂತೋಷದಿಂದ ಕೊಡುತ್ತಾರೆ, ಆ ದಿನ ತಾವೇ ನಡೆಸಿದೆವು ಅಂತ ತಿಳಿದು ಮನೆಗೆ ಹೋಗುತ್ತಾರೆ. ಉಳಿದ 8,150 ಎಲ್ಲಿಂದ ಬಂತು ಅಂತ ಅವರಿಗೆ ಯಾರೂ ಹೇಳಿಲ್ಲ. ರೊಟ್ಟಿ ಮಾಡಿದ ಕೈಗೆ ಪಗಾರ, ಸಿಲಿಂಡರ್, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್, ಕರೆಂಟ್ ಬಿಲ್, ವಾರ್ಡನ್, ರಾತ್ರಿ ಕಾವಲಿನವರು, ಪಾಯಿಖಾನೆ ತೊಳೆಯುವವರು, ಇವೆಲ್ಲ ಇಲ್ಲದೆ ಊಟ ತಾಟಿಗೆ ಬರುವುದಿಲ್ಲ. 365 ದಿನವೂ ದಾನಿಗಳು ಸಿಕ್ಕು ಬೋರ್ಡು ಪೂರ್ತಿ ತುಂಬಿದರೂ ಆ ನಿಲಯ ಕೊರತೆಯಲ್ಲೇ ಇರುತ್ತದೆ. ದಾನಿಗಳು ಕಡಿಮೆ ಕೊಟ್ಟರು ಅಂತ ಅಲ್ಲ. ನಾವು ಕೇಳಿದ್ದೇ ಕಡಿಮೆ.

ಹಾಗಾಗಿ ಮಂಡಳಿಯವರೇ, ಬೋರ್ಡು ಬದಲಿಸಿ. ಒಂದು ದಿನದ ಪೂರ್ತಿ ಖರ್ಚು ಎಷ್ಟೋ ಅಷ್ಟನ್ನೇ ಬರೆಯಿರಿ. ಜಾಸ್ತಿ ಆಯಿತು ಅನ್ನುವವರು ಅರ್ಧ ದಿನ ಕೊಡಲಿ, ಎರಡು ಮನೆಯವರು ಸೇರಿ ಕೊಡಲಿ. ಹಂಚಿನ ಮುಂದೆ ಕೂತವರ ಒಂದು ದಿನದ ಪಗಾರವೂ ದಾಸೋಹವೇ ಅಂತ ನಮ್ಮ ಜನರಿಗೆ ಹೇಳಿದರೆ ಅರ್ಥ ಆಗುತ್ತದೆ. ಕಾಯಕ, ದಾಸೋಹ ಎರಡನ್ನೂ ಕೂಡಿಸಿ ಕಲಿಸಿದ ನಾಡು ಇದು. ದುಡಿದವರ ಕೂಲಿ ಬಾಕಿ ಇಟ್ಟು ಅನ್ನ ಹಾಕುವುದು ಆ ದಾರಿ ಅಲ್ಲ.

ಕಟ್ಟಡದ ಮಾತು ಇನ್ನೂ ಸೂಕ್ಷ್ಮ. ಕಟ್ಟಡಕ್ಕೆ ಹಣ ಬೇಗ ಸಿಗುತ್ತದೆ. ಶಾಸಕರ ನಿಧಿ ಸಿಗುತ್ತದೆ, ಕೋಣೆಗೊಬ್ಬ ದಾನಿ ಸಿಗುತ್ತಾರೆ, ಕಲ್ಲಿನ ಮೇಲೆ ಹೆಸರು ಬರುತ್ತದೆ. ನಮ್ಮ ಹೊಸ ಬ್ಲಾಕ್ ಚೆನ್ನಾಗಿದೆ, ನನಗೂ ಹೆಮ್ಮೆ. ಆದರೆ ಅದು ಬಂದ ಮೇಲೆ ಕರೆಂಟ್ ಬಿಲ್ ಏರಿತು, ಇನ್ನೊಬ್ಬ ಕಾವಲುಗಾರ ಬೇಕಾದ, ನೀರು ಸಾಲದಾಯಿತು, ಹುಡುಗರ ಸಂಖ್ಯೆ ಏರಿತು. ಒಬ್ಬೊಬ್ಬ ಹುಡುಗನ ಮೇಲೂ ನಮಗೆ ಕೊರತೆ ಇರುವಾಗ ಹುಡುಗರು ಜಾಸ್ತಿ ಆದರೆ ಕೊರತೆಯೂ ಜಾಸ್ತಿ ಆಗುತ್ತದೆ. ಶಂಕುಸ್ಥಾಪನೆಯ ದಿನವೇ ಈ ಲೆಕ್ಕ ಹಾಕಬೇಕಿತ್ತು. ಈಗ ಮೂರನೇ ಮಹಡಿಯ ಮಾತು ಕೇಳಿಬರುತ್ತಿದೆ. ದಯವಿಟ್ಟು ಬೇಡ. ಕೆಳಗಿನ ಎರಡು ಮಹಡಿ ಸಾಲ ಇಲ್ಲದೆ ನಡೆಯುವವರೆಗೆ ಮೂರನೆಯದಕ್ಕೆ ಒಂದು ಇಟ್ಟಿಗೆಯನ್ನೂ ತರಿಸಬೇಡಿ. ಕಟ್ಟಡ ನಿಧಿ ಅಂತ ಬಂದ ಹಣ ಬ್ಯಾಂಕಿನಲ್ಲಿ ಕಾಣುತ್ತದೆ, ಪಾಸ್‌ಬುಕ್ ನೋಡಿದವರಿಗೆ ಧೈರ್ಯ ಬರುತ್ತದೆ. ಆದರೆ ಅದರಲ್ಲಿ ಒಂದು ಸಿಲಿಂಡರ್ ಕೊಳ್ಳಲೂ ನಮಗೆ ಹಕ್ಕಿಲ್ಲ.

ಅನುದಾನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವ ಕತೆ. ವಿದ್ಯಾರ್ಥಿಗೊಬ್ಬನಿಗೆ ತಿಂಗಳಿಗೆ ಇಷ್ಟು ಅಂತ ಇಲಾಖೆ ಮಂಜೂರು ಮಾಡುತ್ತದೆ. ಖರ್ಚು ಜೂನ್‌ನಿಂದ ಶುರುವಾದರೆ ಹಣ ಬರುವುದು ಮಾರ್ಚ್ ಹತ್ತಿರ. ಕೊಟ್ಟ ಹಣ ಸರಿಯಾಗಿ ಖರ್ಚಾಗಿದೆ ಅನ್ನುವ ಬಳಕೆ ಪ್ರಮಾಣಪತ್ರ ಕೊಟ್ಟಿಲ್ಲ ಅಂದರೆ ಅದೂ ಇಲ್ಲ. ಆ ಒಂಬತ್ತು ತಿಂಗಳು ನಡೆಸಲು ಕೈಯಲ್ಲಿ ಹಣ ಬೇಕು. ಅದಕ್ಕೇ ಮೀಸಲು ನಿಧಿ ಅಂತ ಇರಬೇಕು. ಮೂರು ತಿಂಗಳ ಖರ್ಚಾದರೂ ಕೈಯಲ್ಲಿ ಇಲ್ಲದ ಸಂಸ್ಥೆ ಪ್ರತಿ ತಿಂಗಳೂ ಯಾರದೋ ದಯೆಯ ಮೇಲೆ ಬದುಕುತ್ತದೆ.

ಮೀಸಲು ಅಂದ ಕೂಡಲೇ ನಮ್ಮ ಸಭೆಯಲ್ಲಿ ಒಂದು ಮಾತು ಬರುತ್ತದೆ: "ನಮ್ಮದು ಲಾಭಕ್ಕಾಗಿ ನಡೆಸುವ ಸಂಸ್ಥೆ ಅಲ್ಲ, ಹಣ ಉಳಿಸುವ ಹಾಗಿಲ್ಲ, ಇನ್‌ಕಮ್ ಟ್ಯಾಕ್ಸ್‌ನವರು ಬಿಡುವುದಿಲ್ಲ." ಇದು ತಪ್ಪು ತಿಳುವಳಿಕೆ. ನೋಂದಣಿ ಪಡೆದ ಸೇವಾ ಸಂಸ್ಥೆ ವರ್ಷದ ಆದಾಯದಲ್ಲಿ 85 ಪರ್ಸೆಂಟ್ ತನ್ನ ಉದ್ದೇಶಕ್ಕೆ ಬಳಸಬೇಕು ಅಂತ ಆದಾಯ ತೆರಿಗೆ ಕಾಯ್ದೆ ಹೇಳುತ್ತದೆ. ಉಳಿದ 15 ಪರ್ಸೆಂಟ್ ಉಳಿಸಿಕೊಳ್ಳಲು ಅಡ್ಡಿ ಇಲ್ಲ. ಲಾಭ ಹಂಚಿಕೊಳ್ಳಬಾರದು ಅನ್ನುವುದು ನಿಯಮ. ಉಳಿತಾಯವೇ ಇರಬಾರದು ಅಂತ ಎಲ್ಲೂ ಇಲ್ಲ. ಕೊರತೆ ತೋರಿಸಿದರೆ ಮುಂದೆ ತೆರಿಗೆಗೆ ಅನುಕೂಲ ಅನ್ನುವ ಮಾತೂ ಹಳೆಯದಾಯಿತು. ಹಿಂದೆ ಒಂದು ವರ್ಷದ ಕೊರತೆಯನ್ನು ಮುಂದಿನ ವರ್ಷದ ಆದಾಯದಲ್ಲಿ ಹೊಂದಿಸಿಕೊಳ್ಳಲು ಅವಕಾಶ ಇತ್ತು. 2021ರ ಏಪ್ರಿಲ್ 1ರಿಂದ ಅದು ನಿಂತಿದೆ. ಅದೇ ದಿನದಿಂದ ಮೂಲನಿಧಿಯಿಂದ ತೆಗೆದು ಮಾಡಿದ ಖರ್ಚನ್ನೂ ಆ ವರ್ಷದ ಬಳಕೆ ಅಂತ ಒಪ್ಪುವುದಿಲ್ಲ. ಅಂದರೆ ವರದಿಯ ಆ ಒಂದು ಸಾಲು ಈಗ ಹಿರಿಯರ ಮಾತಿಗೂ ಆಗುವುದಿಲ್ಲ, ತೆರಿಗೆ ಲೆಕ್ಕಕ್ಕೂ ಆಗುವುದಿಲ್ಲ. ನಮ್ಮ ಲೆಕ್ಕ ಪರಿಶೋಧಕರನ್ನು ಮಹಾಸಭೆಗೆ ಕರೆಸಿ ಇದನ್ನು ಎಲ್ಲರ ಮುಂದೆ ವಿವರಿಸಲು ಹೇಳಿ.

ದಾನಕ್ಕೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ರಸೀದಿ ಕೊಟ್ಟರೆ ದಾನಿಗಳು ತಾವಾಗಿ ಬರುತ್ತಾರೆ ಅನ್ನುವ ನಂಬಿಕೆಯನ್ನೂ ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆ ರಿಯಾಯಿತಿ ಸಿಗುವುದಿಲ್ಲ. ತೆರಿಗೆಯ ಹೊಸ ಪದ್ಧತಿಗೆ ಹೋದವರಿಗೆ ಅದು ಇಲ್ಲವೇ ಇಲ್ಲ. ನೌಕರಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ತುಂಬ ಜನ ಈಗ ಹೊಸ ಪದ್ಧತಿಯಲ್ಲೇ ಇದ್ದಾರೆ. ಅವರು ಕೊಡುವುದಾದರೆ ಪ್ರೀತಿಗೆ ಕೊಡಬೇಕು. ಆ ಪ್ರೀತಿಗೆ ಲೆಕ್ಕ ಕಾಣಬೇಕು.

ಕಂಪನಿಗಳ ಹಣದ ಮಾತು. ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಸಮಾಜದ ಕೆಲಸಕ್ಕೆ ಕೊಡಬೇಕು, ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ನಮ್ಮ ಹುಡುಗರಲ್ಲಿ ಆ ಊರುಗಳಿಂದ ಬಂದವರು ಎಷ್ಟೋ ಜನ. ಹೋಗಿ ಕೇಳಲು ನಮಗೆ ಹಕ್ಕಿದೆ. ಆದರೆ ಕಂಪ್ಯೂಟರ್ ಬೇಡ, ಬಸ್ಸು ಬೇಡ, ಅಡುಗೆಯವರ ಮತ್ತು ವಾರ್ಡನ್ ಅವರ ಪಗಾರವನ್ನು ಸೇರಿಸಿಯೇ ಯೋಜನೆ ಕೊಡಿ. ಆಡಳಿತ ವೆಚ್ಚ 5 ಪರ್ಸೆಂಟ್ ಮೀರಬಾರದು ಅಂತ ಅವರು ಹೇಳಿದರೆ, ಆ ಮಿತಿ ಕಂಪನಿಯ ಸ್ವಂತ ಆಡಳಿತ ಖರ್ಚಿಗೆ ಇರುವುದು, ಯೋಜನೆ ನಡೆಸುವ ಖರ್ಚಿಗೆ ಅಲ್ಲ ಅಂತ ವಿನಯದಿಂದ ತಿಳಿಸಿ. ಇದನ್ನು ಹೇಳದೆ ಬಂದರೆ ಇನ್ನೊಂದು ಹೊಸ ಯೋಜನೆ ತಲೆಯ ಮೇಲೆ ಹೊತ್ತುಕೊಂಡು ಬರುತ್ತೇವೆ, ಕೊರತೆ ಇನ್ನಷ್ಟು ಬೆಳೆಯುತ್ತದೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಇದೇ ಪತ್ರದಲ್ಲಿ ಒಂದು ಬೇಡಿಕೆ ಇಡುತ್ತೇನೆ. ನಮ್ಮ ಭಾಗದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ಇಲ್ಲಿನ ಮಕ್ಕಳಲ್ಲಿ ಓದುವ ಆಸೆ ಬೆಳೆದಿದೆ. ಶಹಾಪುರ, ಸುರಪುರ, ಚಿಂಚೋಳಿ, ಔರಾದ್ ಕಡೆಯ ಮಕ್ಕಳು ಡಿಗ್ರಿಗೆ, ಸ್ಪರ್ಧಾ ಪರೀಕ್ಷೆಗೆ ಅಂತ ಕಲಬುರಗಿಗೆ ಬರುತ್ತಿದ್ದಾರೆ. ಅವರಿಗೆ ಕೋಣೆ ಕಟ್ಟಿಸುವ ಪ್ರತಿ ಯೋಜನೆಯ ಜೊತೆ ಮೊದಲ ಐದು ವರ್ಷದ ನಿರ್ವಹಣೆ ಖರ್ಚನ್ನೂ ಮಂಜೂರು ಮಾಡಿ. ಕೋಣೆ ಇದ್ದೂ ಬೀಗ ಹಾಕುವ ಸ್ಥಿತಿ ಯಾವ ಊರಿಗೂ ಬರಬಾರದು.

ಈಗ ಹಿರಿಯರಿಗೆ ಇಷ್ಟವಾಗದ ಮಾತು. ಮುಂದಿನ ಜೂನ್‌ನಲ್ಲಿ ನಾವು ಕಡಿಮೆ ಹುಡುಗರನ್ನು ಸೇರಿಸಿಕೊಳ್ಳಬೇಕು.

ಈ ವಾಕ್ಯ ಬರೆಯುವ ಮುಂಚೆ ನಾನು ತುಂಬ ಯೋಚಿಸಿದ್ದೇನೆ. ಟ್ರಂಕ್ ಹಿಡಿದು ಬಾಗಿಲಲ್ಲಿ ನಿಂತ ಹುಡುಗನಿಗೆ ಜಾಗ ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. "ಬಂದವರನ್ನು ವಾಪಸ್ ಕಳಿಸಿದ ಇತಿಹಾಸ ನಮಗಿಲ್ಲ" ಅಂತ ಅಧ್ಯಕ್ಷರು ಹೇಳುತ್ತಾರೆ. ಆ ಮಾತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಎಫ್‌ಡಿ ಖಾಲಿಯಾದ ವರ್ಷ ನಾವು ಒಬ್ಬಿಬ್ಬರನ್ನಲ್ಲ, ಎಲ್ಲರನ್ನೂ ಕಳಿಸಬೇಕಾಗುತ್ತದೆ. ಅದೂ ವರ್ಷದ ನಡುವೆ, ಪರೀಕ್ಷೆಗೆ ಮುಂಚೆ. ಬರುವ ಆದಾಯದಲ್ಲಿ ಎಷ್ಟು ಜನರಿಗೆ ಹೊಟ್ಟೆ ತುಂಬ ಊಟ, ಹಾಲು, ಬೆಳಕು, ಪತ್ರಿಕೆ ಕೊಡಲು ಆಗುತ್ತದೋ ಅಷ್ಟು ಜನರನ್ನು ಸೇರಿಸಿಕೊಳ್ಳೋಣ. ಈಗ ಇರುವ ಯಾವ ಹುಡುಗನನ್ನೂ ಹೊರಗೆ ಹಾಕುವುದು ಬೇಡ. ಹೊಸ ಸೇರ್ಪಡೆ ಮಾತ್ರ ಕಡಿಮೆ ಮಾಡೋಣ. ಆದಾಯ ಏರಿದ ವರ್ಷ ಸಂಖ್ಯೆಯನ್ನೂ ಏರಿಸೋಣ. ಕೊಡುವ ಶಕ್ತಿ ಇರುವ ಮನೆಗಳಿಂದ ತಿಂಗಳಿಗೆ ಸ್ವಲ್ಪ ಹಣ ತೆಗೆದುಕೊಳ್ಳುವ ಬಗ್ಗೆಯೂ ಮಾತಾಡೋಣ. ನಮ್ಮಲ್ಲಿ ಕೂಲಿಯವರ ಮಕ್ಕಳೂ ಇದ್ದಾರೆ, ಹತ್ತಾರು ಎಕರೆ ನೀರಾವರಿ ಇರುವವರ ಮಕ್ಕಳೂ ಇದ್ದಾರೆ. ಇಬ್ಬರಿಗೂ ಒಂದೇ ಪಂಕ್ತಿ ಇರಲಿ. ಮನೆಯವರ ಪಾಲು ಮಾತ್ರ ಬೇರೆ ಬೇರೆ ಆದರೆ ತಪ್ಪಿಲ್ಲ.

ತೊಗರಿ ಕೈಕೊಟ್ಟ ವರ್ಷ ನಮ್ಮ ದಾನವೂ ಬೀಳುತ್ತದೆ ಅನ್ನುವುದನ್ನು ಬಜೆಟ್‌ನಲ್ಲೇ ಬರೆದಿಟ್ಟುಕೊಳ್ಳಬೇಕು. 2022ರಲ್ಲಿ ನೆಟೆ ರೋಗ ಬಂತು. 2025ರಲ್ಲಿ ಮಳೆ ಹೆಚ್ಚಾಗಿ, ಭೀಮಾ ಉಕ್ಕಿ ಹೊಲಗಳು ನೀರಲ್ಲಿ ನಿಂತವು. ಅಂಥ ವರ್ಷ ರೈತ ದಾನಿಯ ಮನೆಗೆ ಹೋಗಿ ಕೈ ಚಾಚಬಾರದು. ಅವರ ಮಕ್ಕಳೇ ಆ ವರ್ಷ ನಮ್ಮ ಬಾಗಿಲಿಗೆ ಬರುತ್ತಾರೆ. ದಾನ ಕಡಿಮೆ ಆಗುವ ವರ್ಷವೇ ಹುಡುಗರು ಜಾಸ್ತಿ ಆಗುವ ಊರು ನಮ್ಮದು. ಒಳ್ಳೆಯ ರಾಶಿ ಆದ ವರ್ಷ ಬಂದದ್ದರಲ್ಲಿ ಒಂದು ಪಾಲು ಎತ್ತಿಡದೆ ಇಂಥ ಊರಲ್ಲಿ ಉಚಿತ ನಿಲಯ ನಡೆಸಲು ಆಗುವುದಿಲ್ಲ.

ಸದಸ್ಯ ಬಂಧುಗಳೇ, ನಮ್ಮ ಪಾಲಿನ ಕೆಲಸವೂ ಇದೆ. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆ. ಪ್ರತಿ ವರ್ಷ ಮಹಾಸಭೆ ಸೇರಬೇಕು, ಪರಿಶೋಧಿಸಿದ ಲೆಕ್ಕಪತ್ರ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಸಂಸ್ಥೆ ಹದಗೆಟ್ಟರೆ ವಿಚಾರಣೆ ಮಾಡಿಸಲು, ಆಡಳಿತಾಧಿಕಾರಿಯನ್ನು ನೇಮಿಸಲು ಕಾಯ್ದೆಯಲ್ಲಿ ದಾರಿ ಇದೆ. ಆ ದಾರಿ ನಮಗೆ ಬೇಡ. ಹೊರಗಿನ ಅಧಿಕಾರಿ ಬಂದು ನಡೆಸುವ ನಿಲಯಕ್ಕೆ ಹಳ್ಳಿಯ ರೈತ ಜೋಳದ ಚೀಲ ತಂದು ಹಾಕುವುದಿಲ್ಲ. ಅದಕ್ಕೇ ನಮ್ಮ ಮನೆ ಲೆಕ್ಕವನ್ನು ನಾವೇ ಕೂತು ನೋಡೋಣ.

ಕಾರ್ಯದರ್ಶಿಗಳೇ, ಮುಂದಿನ ಮಹಾಸಭೆಯ ನೋಟಿಸಿನಲ್ಲಿ ಲೆಕ್ಕಪತ್ರದ ವಿಷಯವನ್ನು ಮೊದಲು ಹಾಕಿ, ಸನ್ಮಾನವನ್ನು ಕೊನೆಗೆ ಹಾಕಿ. ನೋಟಿಸಿನ ಜೊತೆ ಐದು ವರ್ಷದ ಆದಾಯ, ಖರ್ಚು, ಎಫ್‌ಡಿ ಬಾಕಿ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಕಳಿಸಿ. ಅದರ ಕೆಳಗೆ ನಾಲ್ಕು ಸಾಲು ಸೇರಿಸಿ: ಇವತ್ತಿಗೆ ಎಷ್ಟು ತಿಂಗಳ ಪಗಾರ ಬಾಕಿ ಇದೆ, ಅಂಗಡಿಗೆ ಎಷ್ಟು ಕೊಡಬೇಕು, ನೌಕರರ ಗ್ರಾಚ್ಯುಟಿ ಎಷ್ಟಾಗಿದೆ, ಯಾರ ಯಾರ ಹೆಸರಿನ ಠೇವಣಿ ಒಡೆದಿದ್ದೇವೆ. ಮಹಾಸಭೆಯ ಒಪ್ಪಿಗೆ ಇಲ್ಲದೆ ಇನ್ನು ಮುಂದೆ ಯಾವ ಎಫ್‌ಡಿಯನ್ನೂ ಒಡೆಯಬಾರದು ಅನ್ನುವ ಠರಾವನ್ನು ನಾನು ಮಂಡಿಸುತ್ತೇನೆ. ಅನುಮೋದಿಸಲು ಇಬ್ಬರು ಹಳೆಯ ವಿದ್ಯಾರ್ಥಿಗಳು ಒಪ್ಪಿದ್ದಾರೆ. ಹಾಳೆ ತಯಾರಿಸಲು ಕೈ ಬೇಕಾದರೆ ನಾನು ಬರುತ್ತೇನೆ, ಬಿಲ್ಲು ಫೈಲು ಜೋಡಿಸುವ ಕೆಲಸವನ್ನೂ ಮಾಡುತ್ತೇನೆ.

ಅದಕ್ಕೂ ಮೊದಲು, ಸಭೆಯ ದಿನಕ್ಕೆ ಕಾಯದೆ, ಅಡುಗೆಮನೆಯವರ ಬಾಕಿ ಪಗಾರ ಈ ವಾರವೇ ಕೊಟ್ಟುಬಿಡಿ. ಹೊಸ ಬ್ಲಾಕಿನ ವಾರ್ಷಿಕೋತ್ಸವಕ್ಕೆ ಅಂತ ತೆಗೆದಿಟ್ಟ ಹಣ ಅದಕ್ಕೆ ಸಾಕಾಗುತ್ತದೆ. ಕಾರ್ಯಕ್ರಮವನ್ನು ಮುಂದೂಡಿದರೆ ಯಾವ ಅತಿಥಿಯೂ ಬೇಸರ ಮಾಡಿಕೊಳ್ಳುವುದಿಲ್ಲ.

ಗೌರವದಿಂದ,
ನಿಲಯದ ಹಳೆಯ ವಿದ್ಯಾರ್ಥಿ ಮತ್ತು ಆಜೀವ ಸದಸ್ಯ
ಕಲಬುರಗಿ